ಒಂದು ನಮೂನೆಯ ಜನ

ಕುಂದಾಪುರದ ಕಡೆಯ ಆಡುಮಾತಿನಲ್ಲಿ ಒಂದು ನುಡಿ ಇದೆ: ‘ಅಂವ ಒಂದ್ ನಮ್ನಿ.’ ಅಷ್ಟೇ. ಯಾವ ನಮೂನೆ ಎಂದು ಕೇಳಿದವರು ಕೇಳುವುದಿಲ್ಲ. ಹೇಳಿದವರೂ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಹುಚ್ಚನೆಂದರೆ ಬೈಗುಳವಾದೀತು, ಜಾಣನೆಂದರೆ ಹೊಗಳಿಕೆಯಾದೀತು. ಎರಡಕ್ಕೂ ನಾಲಗೆ ಏಳದಾಗ ಊರು ಈ ಮಾತನ್ನಾಡಿ ಸುಮ್ಮನಾಗುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣದವನು, ಮದುವೆಮನೆಯಲ್ಲಿ ಮೂಲೆ ಹಿಡಿದು ಕೂರುವವನು, ಗದ್ದೆಯ ಕೆಲಸ ಬಿಟ್ಟು ಕಲ್ಲಿನ ಮೇಲಣ ಬರಹ ಓದುತ್ತ ತಿರುಗುವವನು, ನಾಲ್ಕು ಜನರ ನಡುವೆ ಆಡಬಾರದ ಸತ್ಯವನ್ನು ಆಡಿಬಿಡುವವನು, ಎಲ್ಲರೂ ಒಂದ್ ನಮ್ನಿಯವರೇ.

ಪಂಡಿತರ ಭಾಷೆಯಲ್ಲಿ ಇದಕ್ಕೆ ‘ವಿಲಕ್ಷಣ’ ಎಂದು ಹೆಸರು. ಲಕ್ಷಣವೆಂದರೆ ಗುರುತು, ಕಟ್ಟಳೆ. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಹೇಳುವ ಹೊತ್ತಗೆಗಳನ್ನು ನಮ್ಮ ಹಿರಿಯರು ಲಕ್ಷಣಗ್ರಂಥಗಳೆಂದು ಕರೆದರು. ಆ ಕಟ್ಟಳೆಗೆ ಸಿಕ್ಕದ್ದು ವಿಲಕ್ಷಣ. ಆದರೆ ಕಾವ್ಯದ ಲೋಕದಲ್ಲಿ ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ಕವಿ ಬರೆದದ್ದನ್ನು ನೋಡಿ ಲಾಕ್ಷಣಿಕನು ಸೂತ್ರ ಕಟ್ಟುತ್ತಾನೆ. ಆದುದರಿಂದ ಇಂದಿನ ವಿಲಕ್ಷಣವು ನಾಳೆಯ ಲಕ್ಷಣವಾಗುವುದು ಸಾಹಿತ್ಯದಲ್ಲಿ ಹೊಸತೇನೂ ಅಲ್ಲ. ಬದುಕಿನಲ್ಲಿ ಈ ಸೌಕರ್ಯ ಎಲ್ಲರಿಗೂ ಇದೆಯೇ? ಎಲ್ಲರಂತಲ್ಲದವರು ನಮ್ಮ ಊರುಗಳಲ್ಲಿ ಹೇಗೆ ಬಾಳಿದರು? ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನೆಲವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡುವುದು ಈ ಬರಹದ ಉದ್ದೇಶ.

ಈ ನೆಲವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಈ ಸೀಮೆಯೇ ತುಸು ‘ಒಂದು ನಮೂನೆ’ಯದು. ದಕ್ಷಿಣಕ್ಕೆ ತುಳುವಿನ ನಾಡು, ಮೂಡಣಕ್ಕೆ ಘಟ್ಟ, ಪಡುವಣಕ್ಕೆ ಕಡಲು. ನಡುವೆ ಇಲ್ಲಿಯ ಜನ ಆಡುವುದು ಘಟ್ಟದ ಮೇಲಿನವರಿಗೆ ಒಮ್ಮೆಗೆ ತಿಳಿಯದ, ತುಳುವರಿಗೆ ತಮ್ಮದಲ್ಲದ ಒಂದು ಕನ್ನಡ. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಆಧಿಪತ್ಯಕ್ಕೆ ಒಪ್ಪಿಸಿದಾಗ ಕುಂದಾಪುರ ತಾಲ್ಲೂಕನ್ನು ಮಾತ್ರ ಮದರಾಸಿನಲ್ಲಿಯೇ ಉಳಿಸಿಕೊಂಡರು. ನುಡಿಯಿಂದ ಉತ್ತರದವರು, ಆಡಳಿತದಿಂದ ದಕ್ಷಿಣದವರು. ಒಂದು ಕಾಲಕ್ಕೆ ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಬಸರೂರು, ಇವೆರಡೂ ಈ ಸೀಮೆಯವೇ. ಪರದೇಶದ ಹಡಗು ಕಂಡ ಜನ, ಪರರನ್ನು ಕಂಡು ಬೆಚ್ಚುವವರಲ್ಲ. ಹಾಗಿದ್ದೂ ತಮ್ಮ ಮನೆಯೊಳಗೆ ಒಬ್ಬ ಬೇರೆಯಾಗಿ ನಿಂತಾಗ ಅವರು ನಡೆದುಕೊಂಡ ರೀತಿ ಬೇರೆ. ಹಾಗೆ ನಿಂತವರು ಬದುಕಿ ಉಳಿಯಲು ಮೂರು ಹಾದಿಗಳನ್ನು ಹಿಡಿದಂತೆ ನನಗೆ ಕಾಣುತ್ತದೆ: ಕೆಲವರು ಅಡಗಿದರು, ಕೆಲವರು ಊರನ್ನು ಅಗಲಿದರು, ಕೆಲವರು ತಮ್ಮಂಥವರನ್ನು ಕೂಡಿಕೊಂಡರು.

*

ಅಡಗಿದವರಲ್ಲಿ ಮೊದಲು ನೆನಪಾಗುವವನು ಮುದ್ದಣ. ೧೮೭೦ರಲ್ಲಿ ಕಾರ್ಕಳದ ಕಡೆಯ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ಶಾಲೆಯ ವ್ಯಾಯಾಮದ ಮಾಸ್ತರನಾಗಿದ್ದ. ಹುಡುಗರಿಗೆ ಕವಾಯತು ಕಲಿಸಿ ಮನೆಗೆ ಬಂದು ಹಳಗನ್ನಡದಲ್ಲಿ ಕಾವ್ಯ ಬರೆಯುವ ಮನುಷ್ಯ. ಕನ್ನಡವು ಹೊಸ ರೂಪಕ್ಕೆ ಹೊರಳುತ್ತಿದ್ದ ಕಾಲ ಅದು. ಇಂಗ್ಲಿಷು ಕಲಿತವರಿಗೆ ಕನ್ನಡ ಬೇಡ. ಕನ್ನಡ ಪಂಡಿತರಿಗೆ ಹಳಬರಲ್ಲದವರು ಬೇಡ. ಸಣ್ಣ ಸಂಬಳದ ಡ್ರಿಲ್ ಮಾಸ್ತರನೊಬ್ಬ ತಾನು ಕವಿಯೆಂದು ಎದ್ದುನಿಂತರೆ ನಗೆಗೀಡಾಗುವುದೇ ಸೈ.

ಯಕ್ಷಗಾನ ಪ್ರಸಂಗಗಳನ್ನು ಆತ ಬಹಿರಂಗವಾಗಿಯೇ ಬರೆದ. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ಗಳು ಅವನವೇ ಎಂದು ಎಲ್ಲರಿಗೂ ತಿಳಿದಿತ್ತು. ಆದರೆ ‘ಅದ್ಭುತ ರಾಮಾಯಣ’, ‘ರಾಮಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ಮೈಸೂರಿಗೆ ಕಳುಹುವಾಗ ಅವು ತನ್ನವೆಂದು ಹೇಳಲಿಲ್ಲ. ಹಳೆಯ ಕಾಲದ ಕೃತಿಗಳೆಂಬ ಸೋಗಿನಲ್ಲಿ ಅವು ಪ್ರಕಟವಾದವು. ೧೯೦೧ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ಆತ ತೀರಿಕೊಂಡ. ಕೃತಿಕಾರ ಯಾರೆಂಬುದು ಲೋಕಕ್ಕೆ ನಿಶ್ಚಯವಾದದ್ದು ಆಮೇಲೆ.

ಇದನ್ನು ವಿನಯವೆಂದು ಹೊಗಳುವವರಿದ್ದಾರೆ. ವಿನಯವೂ ಇರಬಹುದು. ನನಗಾದರೋ ಇದರಲ್ಲಿ ಲೆಕ್ಕಾಚಾರ ಹೆಚ್ಚಾಗಿ ಕಾಣುತ್ತದೆ. ಬದುಕಿರುವ ಬಡ ಮಾಸ್ತರನಿಗೆ ದೊರೆಯದ ಮನ್ನಣೆ ಸತ್ತ ಪ್ರಾಚೀನ ಕವಿಗೆ ದೊರೆಯುತ್ತದೆಂದು ಅವನು ಸರಿಯಾಗಿಯೇ ಅಳೆದಿದ್ದ. ‘ರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಮುದ್ದಣನೂ ಕೇಳುವ ಮನೋರಮೆಯೂ ಮನೆಯ ಜಗಲಿಯ ಸರಸದಲ್ಲಿ ಮಾತನಾಡುತ್ತಾರೆ. ಮುದ್ದಣನೆಂಬುದು ಅವನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು. ತನ್ನನ್ನು ಹೊರಗೆ ಮರೆಮಾಡಿದವನು ಪುಸ್ತಕದೊಳಗೆ ತನ್ನ ಮುದ್ದಿನ ಹೆಸರಿನಲ್ಲೇ ಕುಳಿತಿದ್ದ! ಅಡಗುವುದರಲ್ಲಿಯೂ ಕಂಡುಹಿಡಿಯಲಿ ಎಂಬ ಆಸೆ ಇರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

*

ಅಗಲಿದವರ ಪೈಕಿ ಹಿರಿಯರು ಕೋಟ ಶಿವರಾಮ ಕಾರಂತರು. ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ ೧೯೦೨ರ ಅಕ್ಟೋಬರ್ ೧೦ರಂದು ಅವರ ಜನನ. ಮುದ್ದಣ ಮುಚ್ಚಿಟ್ಟದ್ದನ್ನು ಇವರು ಡಂಗುರ ಹೊಡೆದು ಸಾರಿದರು. ೧೯೪೮ರಲ್ಲಿ ತಮ್ಮ ಜೀವನಕಥೆಯನ್ನು ಹೊರತಂದಾಗ ಅದಕ್ಕೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದೇ ಹೆಸರಿಟ್ಟರು. ಊರು ಬೆನ್ನ ಹಿಂದೆ ಆಡುವ ಮಾತನ್ನು ತಾನೇ ಎದುರಿಗೆ ಆಡಿಬಿಟ್ಟರೆ ಊರಿಗೆ ಆಡಲು ಇನ್ನೇನು ಉಳಿಯುತ್ತದೆ?

ಹುಚ್ಚಿನ ಮುಖಗಳೂ ಸಾಮಾನ್ಯವಾದವಲ್ಲ. ಗಾಂಧೀಜಿಯ ಅಸಹಕಾರ ಚಳವಳಿಯ ದಿನಗಳಲ್ಲಿ ಕಾಲೇಜು ಬಿಟ್ಟರು. ಖಾದಿ ಹೊತ್ತು ತಿರುಗಿದರು, ಪತ್ರಿಕೆ ನಡೆಸಿದರು, ನಾಟಕ ಆಡಿದರು, ಮೂಕಚಿತ್ರ ತೆಗೆದರು. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದರು. ೧೯೩೬ರಲ್ಲಿ ಬಂಟ ಸಮಾಜದ ಲೀಲಾ ಅವರನ್ನು ಮದುವೆಯಾದರು. ಕೋಟ ಬ್ರಾಹ್ಮಣರ ಮನೆತನದ ಹುಡುಗ ಆ ಕಾಲದಲ್ಲಿ ಹಾಗೆ ಮಾಡುವುದೆಂದರೆ ಸಣ್ಣ ಮಾತಲ್ಲ. ಯಕ್ಷಗಾನವನ್ನು ಮೊದಲು ಶಾಸ್ತ್ರೀಯವಾಗಿ ಅಭ್ಯಾಸಮಾಡಿದ ಕೆಲವರಲ್ಲಿ ಒಬ್ಬರಾದರು. ಆಮೇಲೆ ಅದೇ ಯಕ್ಷಗಾನದಿಂದ ಮಾತನ್ನು ತೆಗೆದು ಪಿಟೀಲು, ಸ್ಯಾಕ್ಸೊಫೋನುಗಳನ್ನು ಕೂಡಿಸಿ ನೃತ್ಯರೂಪಕ ಮಾಡಿ ಸಂಪ್ರದಾಯದವರ ಸಿಟ್ಟಿಗೆ ಗುರಿಯಾದರು. ೧೯೬೮ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ಕಾಲಕ್ಕೆ ಹಿಂದಿರುಗಿಸಿದರು. ಎಂಬತ್ತೇಳರ ಪ್ರಾಯದಲ್ಲಿ, ೧೯೮೯ರಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು.

ಇಷ್ಟೆಲ್ಲವನ್ನೂ ಅವರು ಎಲ್ಲಿದ್ದುಕೊಂಡು ಮಾಡಿದರು? ಬಹುಪಾಲು ಪುತ್ತೂರಿನ ಬಾಲವನದಲ್ಲಿ. ಕೋಟದ ಕಡಲಂಚಿನ ಬಾಳನ್ನು ‘ಮರಳಿ ಮಣ್ಣಿಗೆ’ಯಲ್ಲಿ ಚಿತ್ರಿಸಿದ್ದೂ ಕೋಟದಿಂದ ದೂರ ಕುಳಿತೇ. ಸಾಲಿಗ್ರಾಮಕ್ಕೆ ಬಂದು ನೆಲೆಸಿದ್ದು ಮುಪ್ಪಿನಲ್ಲಿ, ಹೆಸರು ನಾಡೆಲ್ಲ ಹಬ್ಬಿದ ಮೇಲೆ. ೧೯೯೭ರಲ್ಲಿ ತೀರಿಕೊಂಡಾಗ ಊರಿಗೆ ಅವರು ‘ನಮ್ಮ ಕಾರಂತರು’. ಈಗ ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ, ಹುಟ್ಟೂರಿನ ಪ್ರಶಸ್ತಿ ಇದೆ. ಹುಟ್ಟೂರು ಹೆಮ್ಮೆಪಡುವುದು ತಪ್ಪಲ್ಲ. ಆದರೆ ಆ ಹೆಮ್ಮೆಗೂ ಹುಚ್ಚಿಗೂ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರು ದೂರವೂ ಅರ್ಧ ಶತಮಾನವೂ ಇದ್ದವೆಂಬುದನ್ನು ಮರೆಯಬಾರದು.

ಎರಡನೆಯವರು ಗೋಪಾಲಕೃಷ್ಣ ಅಡಿಗರು. ಬೈಂದೂರಿನ ಕಡೆಯ ಮೊಗೇರಿಯಲ್ಲಿ ೧೯೧೮ರಲ್ಲಿ ಹುಟ್ಟಿದರು. ಇವರ ವಿಲಕ್ಷಣತೆ ಬೇರೆ ಬಗೆಯದು. ಕಾರಂತರು ಲೋಕದೊಡನೆ ಜಗಳಕ್ಕೆ ನಿಂತರೆ ಅಡಿಗರು ಮೊದಲು ತಮ್ಮೊಡನೆಯೇ ಜಗಳಕ್ಕೆ ನಿಂತರು. ೧೯೪೬ರ ‘ಭಾವತರಂಗ’ದಿಂದ ಅವರಿಗೆ ಒಳ್ಳೆಯ ಭಾವಗೀತೆಯ ಕವಿಯೆಂಬ ಹೆಸರು ಬಂದಿತ್ತು. ಅದೇ ದಾರಿಯಲ್ಲಿ ನಡೆದಿದ್ದರೆ ಸಭೆಗಳಲ್ಲಿ ಹಾಡಿಸಿಕೊಳ್ಳುತ್ತ ಸುಖವಾಗಿರಬಹುದಿತ್ತು. ೧೯೫೪ರಲ್ಲಿ ‘ಚಂಡೆಮದ್ದಳೆ’ ತಂದು ಆ ಹೆಸರನ್ನು ತಾವೇ ಮುರಿದರು. ಇದು ಇಂಗ್ಲಿಷಿನ ಅನುಕರಣೆ, ಎಲಿಯಟ್ಟನ ನೆರಳು ಎಂದವರು ಬಹಳ ಮಂದಿ. ನೆರಳು ಇರಲಿಲ್ಲವೆಂದು ಹೇಳಲಾಗದು. ಆದರೆ ಸಂಕಲನದ ಹೆಸರನ್ನೇ ನೋಡಿ. ಚಂಡೆಯೂ ಮದ್ದಳೆಯೂ ಲಂಡನ್ನಿನವಲ್ಲ. ಮೊಗೇರಿಯ ಸುತ್ತಿನ ಗದ್ದೆಗಳಲ್ಲಿ ರಾತ್ರಿಯಿಡೀ ಕೇಳಿಸುವ ವಾದ್ಯಗಳು. ಕನ್ನಡ ಕಾವ್ಯಕ್ಕೆ ಅಪರಿಚಿತವೆನಿಸಿದ ಆ ಲಯ ಕವಿಯ ಕಿವಿಗೆ ಹುಟ್ಟಿದಂದಿನಿಂದ ಪರಿಚಿತವಾಗಿತ್ತು. ವಿಲಕ್ಷಣವೆಂದು ನಾವು ಗಾಬರಿಪಡುವ ಎಷ್ಟೋ ಸಂಗತಿಗಳು ಇನ್ನೊಂದು ಊರಿನಲ್ಲಿ ಬರಿಯ ವಾಡಿಕೆಯಾಗಿರುತ್ತವೆ.

ಅಡಿಗರೂ ಊರು ಬಿಟ್ಟವರೇ. ಮೈಸೂರು, ಸಾಗರ, ಉಡುಪಿ, ಬೆಂಗಳೂರು ಎಂದು ಬದುಕು ಸಾಗಿತು. ೧೯೬೨ರಲ್ಲಿ ‘ಸಾಕ್ಷಿ’ ಪತ್ರಿಕೆ ಹುಟ್ಟಿತು. ಸಾಹಿತಿಗಳ ಬಳಗದಲ್ಲಿ ಬಹುಮಂದಿಗೆ ಒಪ್ಪಿಗೆಯಾಗದ ರಾಜಕೀಯವನ್ನು ಹಿಡಿದು, ೧೯೭೧ರಲ್ಲಿ ಬೆಂಗಳೂರಿನಿಂದ ಜನಸಂಘದ ಪರವಾಗಿ ಲೋಕಸಭೆಗೆ ನಿಂತು ಸೋತರು. ಅವರ ಕಾವ್ಯವನ್ನು ಮೆಚ್ಚಿದವರೇ ಅವರ ರಾಜಕೀಯವನ್ನು ಹಳಿದರು. ಕವಿಯನ್ನು ಅದು ಕದಲಿಸಲಿಲ್ಲ. ೧೯೭೯ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿತು. ಅಷ್ಟು ಹೊತ್ತಿಗೆ ನವ್ಯವೇ ಲಕ್ಷಣವಾಗಿ, ಹಳೆಯ ಧಾಟಿಯಲ್ಲಿ ಬರೆಯುವವನೇ ವಿಲಕ್ಷಣನಾಗಿದ್ದ!

*

ಇನ್ನು ಕೂಡಿಕೊಂಡವರ ಕಥೆ. ಇದು ಸಾಹಿತ್ಯದ್ದಲ್ಲ, ಮತದ ಇತಿಹಾಸದ್ದು. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ರಹ್ಮಾವರದಲ್ಲಿ ಎಸ್.ಎಂ.ಎಸ್. ಕಾಲೇಜು ಇರುವುದನ್ನು ಬಸ್ಸಿನಲ್ಲಿ ಓಡಾಡುವವರೆಲ್ಲ ಬಲ್ಲರು. ಆ ಮೂರನೆಯ ಅಕ್ಷರ ‘ಸಿರಿಯನ್’ ಎಂಬುದರ ಗುರುತು. ಕೊಂಕಣಿ ಆಡುವ ಕ್ರೈಸ್ತರಿರುವ ಈ ಊರಿಗೂ ದೂರದ ಸಿರಿಯಾಕ್ಕೂ ಎಲ್ಲಿಯ ನಂಟು?

ಗೋವೆಯಿಂದ ಕರಾವಳಿಗೆ ಬಂದು ನೆಲೆಸಿದ ಕ್ರೈಸ್ತರ ಇಗರ್ಜಿಗಳ ಮೇಲೆ ಬಹುಕಾಲದಿಂದ ಪೋರ್ಚುಗೀಸ್ ದೊರೆಯ ಆಶ್ರಯದ ಹಕ್ಕು ಇತ್ತು. ರೋಮಿನ ಪೀಠವು ತನ್ನದೇ ಪಾದ್ರಿಗಳನ್ನು ನೇರವಾಗಿ ಕಳುಹಿದಾಗ ಎರಡು ಅಧಿಕಾರಗಳ ನಡುವೆ ತಿಕ್ಕಾಟವಾಯಿತು. ೧೮೮೬ರಲ್ಲಿ ಪೋರ್ಚುಗಲ್ಲಿಗೂ ರೋಮಿಗೂ ಒಪ್ಪಂದವಾಗಿ, ಗೋವೆಯ ಹೊರಗಿನ ಎಷ್ಟೋ ಇಗರ್ಜಿಗಳು ಗೋವೆಯ ಕೈತಪ್ಪಿದವು. ಎಲ್ಲೋ ದೂರದಲ್ಲಿ ಹಾಕಿದ ರುಜುವಿನಿಂದ ತಮ್ಮ ಇಗರ್ಜಿ, ತಮ್ಮ ಪಾದ್ರಿ ಬದಲಾಗುವುದೆಂದರೆ ಜನರಿಗೆ ಹೇಗೆ ಸಹಿಸೀತು?

ಗೋವೆಯ ವೆರ್ನಾದ ಪಾದ್ರಿ ಅಂತೋನಿಯೊ ಫ್ರಾನ್ಸಿಸ್ಕೊ ಷಾವಿಯರ್ ಅಲ್ವಾರಿಸ್ ಇದನ್ನು ಎದುರಿಸಿದವರಲ್ಲಿ ಮುಂದಾಳು. ಪತ್ರಿಕೆ ನಡೆಸಿ ಚರ್ಚಿನ ಅಧಿಕಾರವನ್ನೂ ಪೋರ್ಚುಗೀಸ್ ಸರ್ಕಾರವನ್ನೂ ಟೀಕಿಸಿದವರು. ರೋಮಿನ ಬಾಗಿಲು ಮುಚ್ಚಿದಾಗ ಅವರು ಮಲಬಾರಿನ ಆರ್ಥೊಡಾಕ್ಸ್ ಸಿರಿಯನ್ನರ ಬಾಗಿಲು ತಟ್ಟಿದರು. ೧೮೮೯ರಲ್ಲಿ ಕೋಟ್ಟಯಂನಲ್ಲಿ ಅವರಿಗೆ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ದೀಕ್ಷೆಯಾಯಿತು. ಅವರೊಡನೆ ನಿಂತವರು ಪಾದ್ರಿ ರೋಕ್ ಜೆಫಿರಿನ್ ನೊರೊನ್ಹಾ. ಬ್ರಹ್ಮಾವರದ ಸುತ್ತಣ ಹಲವು ಮನೆತನಗಳು ಇವರನ್ನು ಹಿಂಬಾಲಿಸಿದವು. ಹೀಗೆ ಒಂದು ಅಪೂರ್ವ ಸಮಾಜ ಹುಟ್ಟಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ತುಳು, ಪೂಜೆಯ ಪದ್ಧತಿ ಲ್ಯಾಟಿನ್ ಸಂಪ್ರದಾಯದ್ದು, ಬಿಷಪ್ಪರು ಕೇರಳದವರು, ನಿಷ್ಠೆ ಅಂತಿಯೋಕ್ಯದ ಪರಂಪರೆಗೆ. ಪ್ರಪಂಚದಲ್ಲಿ ಪಾಶ್ಚಾತ್ಯ ಪೂಜಾವಿಧಿಯನ್ನು ಇಟ್ಟುಕೊಂಡೇ ಪೌರಸ್ತ್ಯ ಸಭೆಗೆ ಸೇರಿದ ಸಮುದಾಯಗಳು ಬೆರಳೆಣಿಕೆಯವು. ಅದರಲ್ಲೊಂದು ನಮ್ಮ ಬ್ರಹ್ಮಾವರದಲ್ಲಿ!

ಅಲ್ವಾರಿಸರ ಕೊನೆಗಾಲ ಸುಖದ್ದಲ್ಲ. ಗೋವೆಯಲ್ಲಿ ಸೆರೆ ಕಂಡರು, ಅಪಮಾನ ಕಂಡರು. ಕಾಲರಾದ ಶುಶ್ರೂಷೆಯ ಬಗ್ಗೆ ಪುಸ್ತಕ ಬರೆದು, ಬಡವರ ಆರೈಕೆ ಮಾಡಿಕೊಂಡಿದ್ದು ೧೯೨೩ರಲ್ಲಿ ರಿಬಂದರಿನಲ್ಲಿ ತೀರಿಕೊಂಡರು. ನೊರೊನ್ಹಾ ಪಾದ್ರಿಗಳಾದರೋ ಬ್ರಹ್ಮಾವರವನ್ನು ಬಿಡಲಿಲ್ಲ. ೧೯೩೬ರಲ್ಲಿ ಸಾಯುವ ತನಕ ಇಲ್ಲಿಯ ಜನರ ನಡುವೆಯೇ ಇದ್ದರು. ಹುಟ್ಟಿದವರು ಊರು ಬಿಟ್ಟರು. ಹೊರಗಿನಿಂದ ಬಂದವರು ಊರಲ್ಲಿ ನಿಂತರು. ಈ ವೈಚಿತ್ರ್ಯಕ್ಕೆ ಕಾರಣ ಸರಳವಾದದ್ದು. ಕಾರಂತರೂ ಅಡಿಗರೂ ಒಂಟಿಯಾಗಿ ಬೇರೆಯಾದವರು. ನೊರೊನ್ಹಾ ಪಾದ್ರಿಗಳ ಬೆನ್ನಿಗೆ ಮನೆಗಳಿದ್ದವು, ಮದುವೆ ಮುಂಜಿ ಮಣ್ಣುಗಳಲ್ಲಿ ಒದಗುವ ಜನರಿದ್ದರು. ಹತ್ತು ಮನೆ ಕೂಡಿ ಬೇರೆಯಾದರೆ ಅದು ಹುಚ್ಚೆನಿಸುವುದಿಲ್ಲ, ಪಂಗಡವೆನಿಸುತ್ತದೆ. ಪಂಗಡದೊಡನೆ ವ್ಯವಹರಿಸುವುದು ಹೇಗೆಂದು ನಮ್ಮ ಊರುಗಳಿಗೆ ಸಾವಿರ ವರ್ಷಗಳಿಂದ ಗೊತ್ತು. ೨೦೧೦ರಲ್ಲಿ ಬ್ರಹ್ಮಾವರವೇ ಆ ಸಭೆಯ ಒಂದು ಧರ್ಮಪ್ರಾಂತವಾಯಿತು.

*

ಅಡಗುವುದು, ಅಗಲುವುದು, ಕೂಡುವುದು. ಮೂರು ಹಾದಿಗಳನ್ನೂ ಕಂಡದ್ದಾಯಿತು. ಮೂರರಲ್ಲಿಯೂ ನಡೆದವರು ಗಂಡಸರು ಎಂಬುದನ್ನು ಓದುಗರು ಗಮನಿಸಿರಬಹುದು. ಮೂರಕ್ಕೂ ಮೊದಲೇ ಸ್ವಲ್ಪ ಬಂಡವಾಳ ಬೇಕು. ಅಡಗಲು ಅಕ್ಷರ ಬೇಕು, ಅಗಲಲು ಬಸ್ಸಿನ ಹಣವೂ ಹೋಗಿ ನಿಲ್ಲಲು ಒಂದು ಜಾಗವೂ ಬೇಕು, ಕೂಡಲು ಮನೆಯ ಹೊರಗೆ ಕಾಲಿಡುವ ಸ್ವಾತಂತ್ರ್ಯ ಬೇಕು. ಇವು ಯಾವುವೂ ಇಲ್ಲದವರ ಗತಿ ಏನಾಯಿತು? ಇದಕ್ಕೆ ಅಚ್ಚಾದ ದಾಖಲೆ ಸಿಕ್ಕುವುದು ಕಷ್ಟ. ನಮ್ಮ ಮನೆಯ ಒಂದು ಸಂಗತಿಯನ್ನೇ ಹೇಳುತ್ತೇನೆ.

ನನ್ನ ಅಜ್ಜನಿಗೆ ಒಬ್ಬ ತಂಗಿ ಇದ್ದರು. ಮನೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಅವರು ‘ಅತ್ತೆ’. ಹತ್ತು ಹನ್ನೊಂದರಲ್ಲಿ ಮದುವೆಯಾಗಿ, ಎರಡು ವರ್ಷದೊಳಗೆ ತೌರಿಗೆ ಮರಳಿದವರು. ದನ ಕರು, ಅಡಿಗೆ, ಬಾಣಂತನ ಎಲ್ಲದಕ್ಕೂ ಅವರು ಬೇಕು. ಅವರಿಗೆ ಇದ್ದದ್ದು ಒಂದೇ ಹುಚ್ಚು: ಆಟದ್ದು. ದೀಪಾವಳಿ ಕಳೆದು ಮೇಳಗಳು ಹೊರಟರೆ ಮಳೆ ಹಿಡಿಯುವ ತನಕ ಅತ್ತೆಯ ಕಿವಿ ನೆಲದ ಮೇಲಿರುತ್ತಿರಲಿಲ್ಲ. ಮಂದಾರ್ತಿಯ ಮೇಳವೋ ಅಮೃತೇಶ್ವರಿಯ ಮೇಳವೋ ಎರಡು ಮೈಲಿ ಆಚೆ ಚಂಡೆ ಬಡಿದರೆ ಸಾಕು, ಪಾತ್ರೆ ತೊಳೆದಿಟ್ಟು, ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು, ಗದ್ದೆಯ ಅಂಚಿನಲ್ಲಿ ಒಬ್ಬರೇ ನಡೆದುಬಿಡುತ್ತಿದ್ದರು. ಬೆಳಗಿನ ಜಾವ ಮಂಗಳವಾದ ಮೇಲೆ ಬಂದು ಕರು ಬಿಡುತ್ತಿದ್ದರು. ಮನೆಯ ಹೆಂಗಸರೆಲ್ಲ ಕೂಡಿ, ಗಂಡಸರ ಬೆಂಗಾವಲಿನಲ್ಲಿ, ವರ್ಷಕ್ಕೊಮ್ಮೆ ಹರಕೆಯ ಆಟ ನೋಡುವುದು ಮರ್ಯಾದೆ. ವಿಧವೆಯೊಬ್ಬಳು ವಾರಕ್ಕೆರಡು ರಾತ್ರಿ ಒಬ್ಬಳೇ ಹೋಗುವುದು? ‘ಎಂತಕ್ಕೆ ಹ್ವಾತ್ರಿ?’ ಎಂದು ಅಜ್ಜಿ ಕೇಳಿದರೆ, ‘ಚಂಡೆ ಕೇಂಡ್ ಮೇಲೆ ಮನಿಯಂಗೆ ಕೂಕಂಬುಕ್ ಆತ್ತಾ?’ ಎಂದಷ್ಟೇ ಉತ್ತರ.

ಊರು ಮೊದಲು ‘ಒಂದ್ ನಮ್ನಿ’ ಎಂದಿತು. ಆಮೇಲೆ ಬೇರೆ ಮಾತು ಹುಟ್ಟಿತು. ನೂಲು ಕಟ್ಟಿಸಿದರು, ಔಷಧಿ ಕುಡಿಸಿದರು. ಕಡೆಗೆ ಅಜ್ಜ ರಾತ್ರಿ ಹೊತ್ತು ಅತ್ತೆಯ ಕೋಣೆಗೆ ಹೊರಗಿನಿಂದ ಅಗಳಿ ಹಾಕಿಸಿದರು. ಅಜ್ಜ ಕೆಟ್ಟವರಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು. ಮಾನದ ಲೆಕ್ಕ ಅವರ ತಲೆಯ ಮೇಲಿತ್ತು. ದೂರದಲ್ಲಿ ಚಂಡೆ ಕೇಳಿದ ರಾತ್ರಿಗಳಲ್ಲಿ ಅತ್ತೆ ಮುಚ್ಚಿದ ಕೋಣೆಯೊಳಗೆ ಇಡೀ ಪ್ರಸಂಗವನ್ನು ತಾವೇ ನಡೆಸುತ್ತಿದ್ದರಂತೆ. ಪ್ರಸಂಗದ ಪದ, ಅದಕ್ಕೆ ಅರ್ಥ, ಎದುರು ಪಾತ್ರದ ಮಾತು ಎಲ್ಲವೂ ಒಂದೇ ಬಾಯಲ್ಲಿ. ಭೀಷ್ಮನೂ ಅವರೇ, ಅಂಬೆಯೂ ಅವರೇ. ನನ್ನ ತಂದೆ ಚಿಕ್ಕ ಹುಡುಗ. ಬಾಗಿಲಿಗೆ ಕಿವಿಯಿಟ್ಟು ಕುಳಿತಲ್ಲೇ ನಿದ್ದೆಹೋಗುತ್ತಿದ್ದರಂತೆ. ‘ಅಂಬೆ ಭೀಷ್ಮನ ಹತ್ರ ನ್ಯಾಯ ಕೇಂಬು ಜಾಗ ಇತ್ತಲೆ, ಅಷ್ಟು ಲಾಯ್ಕ ಅರ್ಥ ನಾನ್ ಮತ್ತೆ ಯಾವ ಮೇಳದಗೂ ಕೇಂಡಿಲ್ಲೆ’ ಎಂದು ಅವರು ಈಗಲೂ ಹೇಳುತ್ತಾರೆ.

ಮೇಳದ ಚೌಕಿಯಲ್ಲಿ ಆಗ ಹೆಣ್ಣಿಗೆ ಸ್ಥಾನವಿರಲಿಲ್ಲ. ಹೆಣ್ಣುವೇಷವೂ ಗಂಡಸಿನದೇ. ಅತ್ತೆ ಗಂಡಾಗಿ ಹುಟ್ಟಿದ್ದರೆ ಅರ್ಥಧಾರಿಯೆಂದು ಕರೆಸಿಕೊಂಡು ಶಾಲು ಹೊದೆಯುತ್ತಿದ್ದರು. ಅವರು ತೀರಿಕೊಂಡಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅವರ ಮಾತಿನ ಒಂದು ವಾಕ್ಯವನ್ನೂ ಯಾರೂ ಬರೆದಿಟ್ಟುಕೊಂಡಿಲ್ಲ. ಕಾರಂತರ ಹುಚ್ಚಿಗೆ ಹತ್ತು ಮುಖಗಳು ದೊರೆತವು. ಅತ್ತೆಯ ಹುಚ್ಚಿಗೆ ದೊರೆತದ್ದು ಒಂದು ಕೋಣೆ.

*

ಇತಿಹಾಸ ಇಂಥವರನ್ನು ಬಿಟ್ಟುಬಿಟ್ಟಿತು. ಸಾಹಿತ್ಯ ಪೂರಾ ಬಿಡಲಿಲ್ಲವೆಂಬುದು ಸಮಾಧಾನದ ಮಾತು. ೧೯೬೮ರಲ್ಲಿ ಕಾರಂತರು ‘ಮೂಕಜ್ಜಿಯ ಕನಸುಗಳು’ ಬರೆದರು. ೧೯೭೭ರ ಜ್ಞಾನಪೀಠ ಅದರಿಂದಲೇ ಬಂತು. ಬಾಲ್ಯದಲ್ಲೇ ವಿಧವೆಯಾದ ಮೂಕಾಂಬಿಕೆ ಎಂಬ ಮುದುಕಿ ಅದರ ನಾಯಕಿ. ಕೊಲ್ಲೂರಿನ ದೇವಿಯ ಹೆಸರು ಮನೆಯಲ್ಲಿ ಸವೆದು ‘ಮೂಕಿ’ಯಾಗಿದೆ. ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿದರೆ ಅದರ ಹಿಂದುಮುಂದೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ದೇವರು, ಗಂಡುಹೆಣ್ಣಿನ ಸಂಬಂಧ, ಮಡಿ ಮೈಲಿಗೆ ಯಾವುದರ ಬಗೆಗೂ ಅವಳು ಹೆದರದೆ ಮಾತನಾಡುತ್ತಾಳೆ. ಅಡಗಲಾರದ, ಅಗಲಲಾರದ, ಕೂಡಲಾರದ ಹೆಣ್ಣಿಗೆ ಕಾರಂತರು ಕಾಲವನ್ನೇ ಬಯಲಾಗಿ ಕೊಟ್ಟರು. ಆದರೂ ಒಂದು ಮಾತು. ಆ ಅಜ್ಜಿಯ ಅರಿವನ್ನು ಕೇಳುವವನು ಬಹುಮಟ್ಟಿಗೆ ಮೊಮ್ಮಗ ಸುಬ್ಬರಾಯನೊಬ್ಬನೇ. ಊರಿನ ಕಿವಿ ಅಲ್ಲಿಯೂ ದೂರವೇ.

ಆ ದೂರವನ್ನು ಕಡಿಮೆಮಾಡಿದವರು ಕುಂದಾಪುರದ ಮಗಳೇ ಆದ ವೈದೇಹಿ. ೧೯೪೫ರಲ್ಲಿ ಹುಟ್ಟಿದ ಇವರ ನಿಜನಾಮ ಜಾನಕಿ. ಮೊದಮೊದಲಲ್ಲಿ ಪತ್ರಿಕೆಯೊಂದಕ್ಕೆ ಕಥೆ ಕಳುಹಿ, ಅದು ನಿಜವಾಗಿ ನಡೆದ ಸಂಗತಿಯಾದುದರಿಂದ ಅಚ್ಚುಹಾಕಬೇಡಿರೆಂದು ಮತ್ತೆ ಬರೆದರಂತೆ. ಸಂಪಾದಕರು ಹೆಸರನ್ನು ವೈದೇಹಿ ಎಂದು ಬದಲಾಯಿಸಿ ಅಚ್ಚುಹಾಕಿದರು. ಮುದ್ದಣನ ಹಾದಿ ಇಲ್ಲಿಯೂ ಕಾಣುತ್ತದೆ. ಆದರೆ ಈ ಮರೆಯ ಹೆಸರು ಬೇಗನೆ ನಿಜದ ಹೆಸರಾಯಿತು, ೨೦೦೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದೇ ಹೆಸರಿಗೆ ಬಂತು. ಅವರ ‘ಅಕ್ಕು’ ಕಥೆಯನ್ನು ಓದದವರು ಓದಬೇಕು. ತುಂಬಿದ ಮನೆಯಲ್ಲಿ ಹುಚ್ಚಿಯೆಂದು ಹೆಸರಾದ ಹೆಣ್ಣು ಅಕ್ಕು. ಮನೆಯ ಸಭ್ಯರು ನುಂಗಿಕೊಂಡ ಮಾತೆಲ್ಲ ಅವಳ ಬಾಯಿಂದ ಹೊರಬೀಳುತ್ತದೆ. ಓದುತ್ತ ಹೋದಂತೆ ಹುಚ್ಚು ಯಾರದು ಎಂಬ ಅನುಮಾನ ನಮ್ಮನ್ನು ಹತ್ತುತ್ತದೆ. ಕುಂದಾಪುರದ ಅಡಿಗೆಮನೆಯ ಕನ್ನಡವನ್ನು ಹೆಂಗಸರ ಬಾಯಿಂದ ಹೇಗೆ ಬಂತೋ ಹಾಗೆಯೇ ಬರೆದದ್ದು ವೈದೇಹಿಯವರ ದೊಡ್ಡ ಕೆಲಸ. ಅಕ್ಕು ಪುಸ್ತಕದ ಕನ್ನಡ ಆಡಿದ್ದರೆ ಅವಳ ಮಾತಿಗೆ ಆ ಕಸುವು ಎಲ್ಲಿಂದ ಬರಬೇಕು?

*

ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಎಂಬ ವಿಚಾರವಂತನು ೧೮೫೯ರ ತನ್ನ ಸ್ವಾತಂತ್ರ್ಯವಿಚಾರದ ಪುಸ್ತಕದಲ್ಲಿ, ವಿಲಕ್ಷಣರಾಗಲು ಧೈರ್ಯಮಾಡುವವರು ಕಡಿಮೆಯಾಗುತ್ತಿರುವುದೇ ಕಾಲದ ದೊಡ್ಡ ಅಪಾಯವೆಂದು ಚಿಂತಿಸಿದನು. ನಮ್ಮ ಕಾಲದ ತೊಂದರೆ ತುಸು ಬೇರೆ. ಈಗ ‘ವಿಭಿನ್ನ’ ಎಂಬುದು ಜಾಹೀರಾತಿನ ಮಾತಾಗಿದೆ. ಸೀರೆಯಂಗಡಿಯೂ ವಿಭಿನ್ನ, ಶಾಲೆಯೂ ವಿಭಿನ್ನ, ಸಿನಿಮಾ ಅಂತೂ ವಿಭಿನ್ನವೇ ಆಗಬೇಕು. ಹೀಗೆ ಕೊಂಡು ಉಡುವ ಬೇರೆತನಕ್ಕೆ ಬೆಲೆ ಎಷ್ಟಾದರೂ ಇರಲಿ, ಅದರಿಂದ ಯಾರ ಕೋಣೆಗೂ ಅಗಳಿ ಬೀಳುವುದಿಲ್ಲ. ಮೇಲೆ ಹೇಳಿದ ಯಾರೂ ಬೇರೆಯಾಗಬೇಕೆಂದು ಬೇರೆಯಾದವರಲ್ಲ. ಮುದ್ದಣನಿಗೆ ಹಳಗನ್ನಡ ಬೇಕಿತ್ತು, ಅಡಿಗರಿಗೆ ತಕ್ಕ ಲಯ ಬೇಕಿತ್ತು, ನೊರೊನ್ಹಾ ಪಾದ್ರಿಗಳಿಗೆ ತಮ್ಮ ಮಂದೆ ಬೇಕಿತ್ತು, ಅತ್ತೆಗೆ ಆಟ ಬೇಕಿತ್ತು. ಬೇಕಾದುದರ ಬೆನ್ನು ಹತ್ತಿ ನಡೆಯುತ್ತ ಹಿಂತಿರುಗಿ ನೋಡಿದಾಗ ಉಳಿದವರೆಲ್ಲ ಬೇರೆ ದಾರಿಯಲ್ಲಿದ್ದರು. ಆಗ ಊರು ಹೆಸರಿಟ್ಟಿತು.

ಹೆಸರುವಾಸಿಯಾದ ವಿಲಕ್ಷಣರಿಗೆ ಈ ಸೀಮೆ ಗೌರವ ಕೊಟ್ಟಿದೆ, ತಡವಾದರೂ ಕೊಟ್ಟಿದೆ. ಅವರ ಬೇರೆತನ ಕಾದಂಬರಿಯಾಗಿ, ಕಾವ್ಯವಾಗಿ, ಇಗರ್ಜಿಯಾಗಿ ಕಣ್ಣಿಗೆ ಕಾಣುವ ಫಲ ಕೊಟ್ಟಿತು. ಫಲ ಕಂಡ ಮೇಲೆ ಮರವನ್ನು ಕ್ಷಮಿಸುವುದು ಸುಲಭ. ಫಲ ಕಾಣದೆ ಹೋದವರ ಲೆಕ್ಕ ಇನ್ನೂ ಆಗಿಲ್ಲ. ಈಚೆಗೆ ಊರೂರಿನ ಚರಿತ್ರೆ ಬರೆಯುವ ಉತ್ಸಾಹ ನಮ್ಮಲ್ಲಿ ಹೆಚ್ಚಿದೆ. ದೇವಸ್ಥಾನ, ಶಾಸನ, ಬ್ಯಾಂಕು, ಶಾಲೆ, ದಾನಿಗಳ ಭಾವಚಿತ್ರ ಎಲ್ಲವೂ ಆ ಪುಸ್ತಕಗಳಲ್ಲಿರುತ್ತವೆ. ಅದರಲ್ಲಿ ನಾಲ್ಕು ಪುಟಗಳನ್ನು ‘ಒಂದು ನಮೂನೆಯ ಜನ’ಕ್ಕೂ ಮೀಸಲಿಟ್ಟರೆ ಒಳ್ಳೆಯದು. ಬಾಗಿಲಿಗೆ ಕಿವಿಯಿಟ್ಟು ಕೇಳಿದ ಮಕ್ಕಳು ಇಂದು ಎಪ್ಪತ್ತು ಎಂಬತ್ತು ದಾಟಿದವರು. ಅವರನ್ನು ಕೇಳಿ ಬರೆದುಕೊಳ್ಳುವುದಾದರೆ ಈಗಲೇ ಆಗಬೇಕು.